ಹನ್ನೆರಡು ತಿರುವುಗಳ ಊರಿಗೆ

ಭಾನುವಾರದ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ನಂದಿ ಬೆಟ್ಟದ ಬುಡದಲ್ಲಿ ನಿಂತವರಿಗೆ ಮೊದಲು ಕಾಣುವುದು ಬೆಟ್ಟವಲ್ಲ, ದೀಪಗಳ ಸಾಲು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದಾರಿಯನ್ನು ನಸುಕಿನ ಚಳಿಯಲ್ಲಿ ದಾಟಿ ಬಂದ ಮೋಟಾರ್ ಬೈಕುಗಳು ಗೇಟು ತೆರೆಯುವುದನ್ನೇ ಕಾಯುತ್ತಾ ಗುರುಗುಟ್ಟುತ್ತಿರುತ್ತವೆ. ಚಹಾ ಮಾರುವವನ ಸುತ್ತ ಕಾಲೇಜು ಹುಡುಗರ ಗುಂಪು. ಸೂರ್ಯೋದಯ ನೋಡುವುದು ಬರೀ ನೆಪವೆಂದು ಚಹಾದವನಿಗೂ ಗೊತ್ತು. 1,478 ಮೀಟರ್ ಎತ್ತರದ ಈ ಬೆಟ್ಟ ಹತ್ತುವ ರಸ್ತೆಯಲ್ಲಿ ಒಂದರ ಮೇಲೊಂದು ಬರುವ ಹೇರ್‌ಪಿನ್ ತಿರುವುಗಳೇ ಅವರನ್ನು ಹಾಸಿಗೆಯಿಂದ ಎಬ್ಬಿಸಿ ತಂದಿರುತ್ತವೆ.

ಆ ಗುಂಪಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಮೈತುಂಬ ಪ್ಲಾಸ್ಟಿಕ್ ಕವಚ ತೊಟ್ಟ ಬೈಕುಗಳು. ಹೆಡ್‌ಲೈಟಿನಿಂದ ಎಂಜಿನ್ ಬುಡದವರೆಗೆ ಯಂತ್ರವನ್ನೆಲ್ಲ ಮುಚ್ಚಿ, ಮೀನಿನ ಮೂತಿಯಂತೆ ಮುಂದಕ್ಕೆ ಚೂಪಾಗಿಸಿದ ಈ ಹೊದಿಕೆಗೆ ಫೇರಿಂಗ್ ಎಂದು ಹೆಸರು. ಹಿಡಿಗಳು ಕೆಳಗೆ, ಕಾಲಿಡುವ ಕಡ್ಡಿಗಳು ಹಿಂದೆ, ಹಿಂಬದಿಯ ಸೀಟು ಅಟ್ಟದ ಮೇಲೆ. ಅದರ ಮೇಲೆ ಕುಳಿತವನು ಟ್ಯಾಂಕಿನ ಮೇಲೆ ಬಾಗಿ ಏನನ್ನೋ ಹುಡುಕುತ್ತಿರುವಂತೆ ಕಾಣುತ್ತಾನೆ. ತಾಯಿಯನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಲು ಇದಕ್ಕಿಂತ ಅನನುಕೂಲವಾದ ವಾಹನ ಸಿಗಲಾರದು. ಸೀರೆ ಉಟ್ಟವರು ಆ ಸೀಟನ್ನು ಏರಬೇಕಾದರೆ ಮೊದಲು ಒಂದು ಏಣಿ ಬೇಕು.

ಹಾಗಿದ್ದೂ ಇದಕ್ಕಾಗಿ ಮನೆಮನೆಗಳಲ್ಲಿ ಜಗಳವಾಗುತ್ತದೆ. ರೇಸಿನ ಬೈಕಿನಂತೆ ಕಾಣುವ ಯಂತ್ರ ಹಿಂದೆ ಹಣವಂತರ ಕನಸಾಗಿತ್ತು. 2008ರಲ್ಲಿ ಯಮಾಹಾ ಕಂಪನಿ ಭಾರತದಲ್ಲಿ ಆರ್15 ಎಂಬ ಬೈಕನ್ನು ಬಿಡುಗಡೆ ಮಾಡಿದಾಗ ಆ ಕನಸು ಮಧ್ಯಮ ವರ್ಗದ ಹೊಸ್ತಿಲಿಗೆ ಬಂತು. 150 ಸಿಸಿಗೆ ಒಂದಿಷ್ಟು ಕಡಿಮೆಯ ಎಂಜಿನ್, ಅದನ್ನು ತಂಪಾಗಿಡಲು ಕಾರಿನಲ್ಲಿರುವಂತೆ ರೇಡಿಯೇಟರ್, ಆರು ಗೇರು, 17 ಅಶ್ವಶಕ್ತಿ. ನಂತರದ ವರ್ಷಗಳಲ್ಲಿ ಎಂಜಿನ್ 155 ಸಿಸಿಗೆ ಬೆಳೆಯಿತು. 2021ರಲ್ಲಿ ಬಂದ ನಾಲ್ಕನೆಯ ಅವತಾರಕ್ಕೆ 18.4 ಅಶ್ವಶಕ್ತಿ, 142 ಕಿಲೋ ತೂಕ. ಅಂಗಡಿಯವರು ಇಂಥ ಬೈಕನ್ನು ‘ಎಂಟ್ರಿ ಲೆವೆಲ್’ ಎನ್ನುತ್ತಾರೆ, ಅಂದರೆ ಹೊಸಬರಿಗೆ ತಕ್ಕದ್ದು.

ಈ ಮಾತಿಗೆ ಯುರೋಪಿನಲ್ಲಿ ಖಚಿತವಾದ ಅರ್ಥವಿದೆ. ಅಲ್ಲಿ ಬೈಕಿನ ಲೈಸೆನ್ಸು ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ. ಮೊದಲು 125 ಸಿಸಿ, 11 ಕಿಲೋವ್ಯಾಟ್‌ವರೆಗಿನ ಬೈಕು. ಆಮೇಲೆ 35 ಕಿಲೋವ್ಯಾಟ್‌ವರೆಗೆ. ಅದಾದ ಮೇಲೆ ಎಷ್ಟು ದೊಡ್ಡದಾದರೂ ಸರಿ. ನಮ್ಮಲ್ಲಿ ಆ ಮೆಟ್ಟಿಲಿಲ್ಲ. ಹದಿನೆಂಟು ತುಂಬಿ, ಗೇರಿರುವ ಬೈಕಿನ ಲೈಸೆನ್ಸು ಕೈಗೆ ಬಂದರೆ 100 ಸಿಸಿಯೂ ಒಂದೇ, 1,000 ಸಿಸಿಯೂ ಒಂದೇ. ಮೆಟ್ಟಿಲು ಕಟ್ಟುವ ಕೆಲಸ ಹೀಗಾಗಿ ಸರ್ಕಾರದಿಂದ ಜಾರಿ ಅಪ್ಪ ಅಮ್ಮನ ಪಾಲಿಗೆ ಬಿದ್ದಿದೆ.

ಶಿಡ್ಲಘಟ್ಟದ ಒಬ್ಬ ರೇಷ್ಮೆ ನೂಲು ಬಿಚ್ಚುವವರ ಪಾಲಿಗೂ ಅದು ಹೀಗೆಯೇ ಬಿತ್ತು. ಅವರ ಮಗ ಎಂಜಿನಿಯರಿಂಗ್ ಎರಡನೇ ವರ್ಷ, ವಯಸ್ಸು 19, ಲೈಸೆನ್ಸ್ ಇದೆ. ಒಂದು ಭಾನುವಾರ ಗೆಳೆಯನ ಆರ್15 ತೆಗೆದುಕೊಂಡು ನಂದಿ ಬೆಟ್ಟ ಹತ್ತಿದವನು ಇಳಿಯುವಾಗ ತಿರುವೊಂದರಲ್ಲಿ ಹರಡಿದ್ದ ಸಣ್ಣ ಮರಳಿನ ಮೇಲೆ ಜಾರಿದ. ಮೊಣಕೈ ತರಚಿತು, ಫೇರಿಂಗಿನ ಎಡಭಾಗ ಒಡೆಯಿತು. ಅದನ್ನು ಹಾಕಿಸಿಕೊಡುವ ಹಣಕ್ಕಾಗಿ ವಿಷಯ ಮನೆಯಲ್ಲಿ ಹೇಳಲೇಬೇಕಾಯಿತು. ಹೇಳುವಾಗಲೇ, ಹೇಗೂ ಮಾತು ಬಂದಿದೆಯಲ್ಲ ಎಂದು, ತನಗೂ ಅಂಥದ್ದೇ ಬೈಕು ಬೇಕೆಂದು ಕೇಳಿದ. ತಾಯಿ ಎರಡು ದಿನ ಮಾತಾಡಲಿಲ್ಲ. ತಂದೆ ಇನ್ನೊಂದು ಕಾರಣಕ್ಕೆ ಸುಮ್ಮನಿದ್ದರು. ಅವರ ಬಲ ಮೊಣಕಾಲಿನ ಮೇಲೆ ಅಂಗೈಯಗಲದ ಹಳೆಯ ಗಾಯದ ಗುರುತಿದೆ. ಅದು ಯಮಾಹಾ ಆರ್‌ಎಕ್ಸ್ 100 ಕೊಟ್ಟದ್ದು.

1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಆ ಬೈಕನ್ನು ಈಗಿನ ತಂದೆಯರಲ್ಲಿ ಅನೇಕರು ಮರೆತಿಲ್ಲ. 98 ಸಿಸಿ, 11 ಅಶ್ವಶಕ್ತಿ, ಸುಮಾರು 100 ಕಿಲೋ ತೂಕ. ಒಂದು ಲೆಕ್ಕ ಮಾಡಿ ನೋಡಬಹುದು. ಬೈಕಿನ ಪ್ರತಿ 100 ಕಿಲೋಗೆ ಆರ್‌ಎಕ್ಸ್‌ನಲ್ಲಿ 11 ಅಶ್ವಶಕ್ತಿ, ಇಂದಿನ ಆರ್15ರಲ್ಲಿ ಸುಮಾರು 13. ಅಪ್ಪನ ಕಾಲದ ಬೈಕಿಗೂ ಮಗನ ಕಾಲದ ಬೈಕಿಗೂ ನಡುವಿನ ಅಂತರ ಇಬ್ಬರೂ ತಿಳಿದುಕೊಂಡಿರುವಷ್ಟಿಲ್ಲ. ಮೇಲಾಗಿ ಆರ್‌ಎಕ್ಸ್‌ಗೆ ಎರಡೂ ಡ್ರಮ್ ಬ್ರೇಕು. ಈಗಿನದಕ್ಕೆ ಡಿಸ್ಕ್ ಬ್ರೇಕಿನ ಜೊತೆ ಎಬಿಎಸ್ ಎಂಬ, ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ ಇದೆ. 125 ಸಿಸಿಗೆ ಮೇಲ್ಪಟ್ಟ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ.

“ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ, ಬೇಕು ಅನ್ನೋಕೆ ಧೈರ್ಯ ಬರಲ್ಲ,” ಎಂದು ತಂದೆ ಹೊಸೂರಿನ ಭಾವಮೈದನಿಗೆ ಫೋನಿನಲ್ಲಿ ಹೇಳಿಕೊಂಡರು. ಹೊಸೂರಿನಲ್ಲಿ ಲೇತ್ ಕೆಲಸ ಮಾಡುವ ಆತ ಯೋಚಿಸಿ, “ಭಾವ, ಈ ಬೈಕನ್ನ ಯಾವ ಜಾಗಕ್ಕೆ ಅಂತ ಮಾಡಿದ್ದಾರೋ ಆ ಜಾಗಾನ ಒಂದ್ಸಲ ಅವನಿಗೆ ತೋರಿಸೋಣ. ಆಮೇಲೆ ಮಾತಾಡಿ,” ಎಂದರು. ಹೀಗೆ ಒಂದು ರೇಸಿನ ಶನಿವಾರ ಮೂವರೂ ಕಾರಿನಲ್ಲಿ ಹೊರಟದ್ದು ಚೆನ್ನೈ ರಸ್ತೆಯ ಇರುಂಗಾಟ್ಟುಕೋಟ್ಟೈ ಎಂಬ ಊರಿಗೆ.

ಹೊಸೂರು ಬೆಂಗಳೂರಿನಿಂದ 40 ಕಿಲೋಮೀಟರ್. ಅತ್ತಿಬೆಲೆ ದಾಟಿದರೆ ತಮಿಳುನಾಡು; ಆದರೆ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಊರಿನ ಗುಡ್ಡದ ಮೇಲೆ ಚಂದ್ರಚೂಡೇಶ್ವರ, ಕೆಳಗೆ ಕಾರ್ಖಾನೆಗಳು. 1980ರಲ್ಲಿ ಟಿವಿಎಸ್ 50 ಎಂಬ ಇಬ್ಬರು ಕೂರುವ ಮೊಪೆಡ್ ಹುಟ್ಟಿದ್ದು ಇಲ್ಲಿ. ಹಾಲಿನ ಕ್ಯಾನು, ಸೊಪ್ಪಿನ ಹೊರೆ, ರೇಷ್ಮೆಗೂಡಿನ ಚೀಲ, ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತು ತಿರುಗಿದ ಆ ಬಡವರ ಕುದುರೆಯ ಊರಿನಲ್ಲೇ 2017ರ ಡಿಸೆಂಬರ್‌ನಲ್ಲಿ ಅಪಾಚೆ ಆರ್‌ಆರ್ 310 ಎಂಬ ಪೂರ್ತಿ ಕವಚದ ಬೈಕು ಬಿಡುಗಡೆಗೆ ಸಿದ್ಧವಾಗಿ ಬಂತು. ಜರ್ಮನಿಯ ಬಿಎಂಡಬ್ಲ್ಯು ಜೊತೆ 2013ರಲ್ಲಿ ಮಾಡಿಕೊಂಡ ಒಪ್ಪಂದದ ಫಲ ಇದು. 312 ಸಿಸಿ, ಆರಂಭದಲ್ಲಿ 34 ಅಶ್ವಶಕ್ತಿ. ಇದರ ಸಿಲಿಂಡರ್ ಹಿಂದಕ್ಕೆ ವಾಲಿಕೊಂಡಿದೆ; ಪೆಟ್ರೋಲು ಬೆರೆತ ಗಾಳಿ ಮುಂದಿನಿಂದ ಒಳಹೋಗಿ, ಹೊಗೆ ಹಿಂದಿನಿಂದ ಹೊರಬರುತ್ತದೆ. ಸಾಮಾನ್ಯ ಬೈಕುಗಳಲ್ಲಿ ಇದು ತಿರುಗುಮುರುಗು.

ಮಾವನಿಗೆ ಅದಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು ಇನ್ನೊಂದು ಗುಣ. 2020ರ ನಂತರದ ಈ ಬೈಕಿನಲ್ಲಿ ಒಂದು ಗುಂಡಿ ಒತ್ತಿ ನಾಲ್ಕು ಬಗೆಯ ನಡತೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಮಳೆ, ಊರು, ಸ್ಪೋರ್ಟ್, ಟ್ರ್ಯಾಕ್. ಮಳೆ ಮತ್ತು ಊರಿನ ಗುಂಡಿ ಒತ್ತಿದರೆ ಯಂತ್ರ 34ರ ಬದಲು 25.8 ಅಶ್ವಶಕ್ತಿಯನ್ನಷ್ಟೇ ಕೊಡುವಂತೆ ಆ ವರ್ಷದ ಮಾದರಿಯನ್ನು ಮಾಡಲಾಗಿತ್ತು. “ನೋಡು, ಟ್ರ್ಯಾಕ್ ಬೇರೆ, ಊರು ಬೇರೆ ಅಂತ ಬೈಕಿನವರೇ ಗುಂಡಿ ಇಟ್ಟಿದ್ದಾರೆ,” ಎಂದರು ಮಾವ. ಮಗ ಏನೂ ಹೇಳಲಿಲ್ಲ. ಗೆಳೆಯರ ಮುಂದೆ ಮಳೆಯ ಗುಂಡಿ ಒತ್ತುವ ಹುಡುಗ ಎಷ್ಟು ಜನ ಇದ್ದಾರು ಎಂಬುದು ಬೇರೆ ಪ್ರಶ್ನೆ.

ಕೃಷ್ಣಗಿರಿಯ ಮಾವಿನ ತೋಪುಗಳು ಕಳೆದು ವಾಣಿಯಂಬಾಡಿ ಹತ್ತಿರ ಬರುತ್ತಿದ್ದಂತೆ ರಸ್ತೆಯ ಜೊತೆಗೆ ಒಂದು ನದಿ ಸೇರಿಕೊಳ್ಳುತ್ತದೆ. ಅದೇ ಪಾಲಾರ್. ನೋಡಿದರೆ ನದಿಯೆನಿಸುವುದಿಲ್ಲ, ವರ್ಷದ ಹೆಚ್ಚು ತಿಂಗಳು ಅದು ಅಗಲವಾದ ಮರಳಿನ ಹಾಸು, ನಡುವೆ ಜಾಲಿಯ ಪೊದೆ. ಪಾಲಾರ್ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆಯಲ್ಲಿ ಹಾದು, ವಾಣಿಯಂಬಾಡಿ, ಆಂಬೂರು, ವೆಲ್ಲೂರು, ಕಾಂಚೀಪುರಗಳ ಬಳಿ ಸಾಗಿ ಬಂಗಾಳ ಕೊಲ್ಲಿ ಸೇರುತ್ತದೆ. ಮೊಣಕೈಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ ಹುಡುಗ ಸೇತುವೆಯ ಮೇಲಿಂದ ಆ ಮರಳನ್ನು ತುಸು ಹೆಚ್ಚು ಹೊತ್ತು ನೋಡಿದ.

ಅವನು ಬಿದ್ದದ್ದಕ್ಕೆ ಕಾರಣ ಪಿಯುಸಿಯ ಭೌತಶಾಸ್ತ್ರದಲ್ಲೇ ಇದೆ. ತಿರುವಿನಲ್ಲಿ ಬೈಕು ಒಳಗೆ ವಾಲಲೇಬೇಕು. ಎಷ್ಟು ವಾಲಬೇಕೆಂಬುದನ್ನು ವೇಗದ ವರ್ಗವೂ ತಿರುವಿನ ತ್ರಿಜ್ಯವೂ ನಿರ್ಧರಿಸುತ್ತವೆ. 10 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ತಿರುವನ್ನು ಊಹಿಸಿಕೊಳ್ಳಿ. ಗಂಟೆಗೆ 20 ಕಿಲೋಮೀಟರಿನಲ್ಲಿ ಬಂದರೆ 17 ಡಿಗ್ರಿಯಷ್ಟು ವಾಲಿದರೆ ಸಾಕು, ಅಜ್ಜಿಯೂ ಹೆದರಲಾರಳು. 30 ಕಿಲೋಮೀಟರಿಗೆ ಅದು 35 ಡಿಗ್ರಿ. 40 ಕಿಲೋಮೀಟರಿಗೆ 51 ಡಿಗ್ರಿ! ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಸಾಮಾನ್ಯ ಟೈರಿನ ಹಿಡಿತ ಹೆಚ್ಚೆಂದರೆ 40 ಡಿಗ್ರಿಯ ಆಸುಪಾಸಿಗೆ ಮುಗಿಯುತ್ತದೆ. ಇಪ್ಪತ್ತಕ್ಕೂ ನಲವತ್ತಕ್ಕೂ ನಡುವೆ ಇರುವುದು ಮಣಿಕಟ್ಟಿನ ಸಣ್ಣದೊಂದು ತಿರುಚು. ಅದರ ಒಂದು ತುದಿಯಲ್ಲಿ ಸುಖವಾದ ತಿರುವು, ಇನ್ನೊಂದು ತುದಿಯಲ್ಲಿ ಕಂದಕ. ಡಾಂಬರಿನ ಮೇಲೆ ಹಿಡಿಮರಳು ಬಿದ್ದಿದ್ದರೆ ಹಿಡಿತ ಮೂರನೆಯ ಒಂದು ಭಾಗಕ್ಕೆ ಇಳಿಯಬಹುದು. ಆಗ ಆ ಇಪ್ಪತ್ತೇ ಜಾಸ್ತಿ. ಇಲ್ಲಿ ಎಬಿಎಸ್ ಕೂಡ ದೊಡ್ಡ ಸಹಾಯಕ್ಕೆ ಬರುವುದಿಲ್ಲ. ನಂದಿಯ ರಸ್ತೆಯ ಮಣ್ಣಿನ ಗುಣ ಗೊತ್ತಿಲ್ಲದವರು 2021ರ ಆಗಸ್ಟ್‌ ನೆನಪು ಮಾಡಿಕೊಳ್ಳಬಹುದು. ಮಳೆಗೆ ಗುಡ್ಡ ಕುಸಿದು ರಸ್ತೆಯೇ ಕಡಿದುಹೋಗಿ, ಬೆಟ್ಟದ ದಾರಿ ತಿಂಗಳುಗಟ್ಟಲೆ ಮುಚ್ಚಿತ್ತು.

ಆಂಬೂರಿನಲ್ಲಿ ಬಿರಿಯಾನಿಗೆಂದು ನಿಲ್ಲಿಸುವುದು ಈ ರಸ್ತೆಯ ಸಂಪ್ರದಾಯ. ಅದಕ್ಕಿಂತ ಮೊದಲು ಮೂಗಿಗೆ ಬರುವುದು ಇನ್ನೊಂದು ವಾಸನೆ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಮೂರೂ ಚರ್ಮ ಹದಮಾಡುವ ಊರುಗಳು. ಇಲ್ಲಿನ ಬೂಟುಗಳು ಹಡಗೇರಿ ದೂರದೇಶಗಳಿಗೆ ಹೋಗುತ್ತವೆ. ಪಾಲಾರಿನ ನೀರು ಅದಕ್ಕೆ ತೆತ್ತ ಬೆಲೆಯ ಕಥೆ ಬೇರೆಯೇ ಇದೆ. ರೇಸಿನವರ ಮೈಮೇಲಿನ ಉಡುಪೂ ಚರ್ಮದ್ದೇ. ಬಿದ್ದವನು ಡಾಂಬರಿನ ಮೇಲೆ ಉಜ್ಜುತ್ತ ಹೋಗುವಾಗ ಜೀನ್ಸ್ ಬಟ್ಟೆ ಕ್ಷಣಮಾತ್ರದಲ್ಲಿ ಹರಿದುಹೋಗುತ್ತದೆ, ನೈಲಾನ್ ಕರಗಿ ಮೈಗೆ ಅಂಟುತ್ತದೆ. ದಪ್ಪ ಚರ್ಮ ಮಾತ್ರ ತಾನು ಸವೆದು ಒಳಗಿನ ಚರ್ಮವನ್ನು ಉಳಿಸುತ್ತದೆ. ತಂದೆ ಮೇಜಿನ ಕೆಳಗೆ ತಮ್ಮ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆ ದಿನ ಅವರು ತೊಟ್ಟಿದ್ದದ್ದು ಟೆರಿಕಾಟ್ ಪ್ಯಾಂಟು.

ವೆಲ್ಲೂರು ದಾಟಿದ ಮೇಲೆ ರಸ್ತೆ ನೇರ, ಕಾರಿನ ಮುಳ್ಳು 100ರ ಹತ್ತಿರ. ಮಾವ ಕಿಟಕಿಯ ಗಾಜು ಇಳಿಸಿ, ಕೈ ಹೊರಗೆ ಚಾಚಿ ನೋಡೆಂದು ಒಂದು ಕ್ಷಣ ಹೇಳಿ, ತಕ್ಷಣವೇ “ಬೇಡ ಬೇಡ, ಲಾರಿ ಬರ್ತಾ ಇದೆ,” ಎಂದು ತಾವೇ ತಡೆದರು. ಆದರೂ ಗಾಳಿ ಒಳಗೆ ನುಗ್ಗಿ ಎಲ್ಲರಿಗೂ ವಿಷಯ ತಿಳಿಸಿತು. ಫೇರಿಂಗ್ ಇರುವುದು ಈ ಗಾಳಿಗಾಗಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಭೇದಿಸಲು ಬೇಕಾದ ಶಕ್ತಿ ಎಂಟು ಪಟ್ಟು. ಕವಚವಿರುವ ಬೈಕಿನಲ್ಲಿ ಬಾಗಿ ಕುಳಿತವನಿಗೆ 60 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ತಳ್ಳಲು ಅಂದಾಜು ಒಂದೂವರೆ ಅಶ್ವಶಕ್ತಿ ಸಾಕು. 120ರಲ್ಲಿ ಅದಕ್ಕೆ 12 ಬೇಕು. ಇರುವ ಹದಿನೆಂಟರಲ್ಲಿ ಹನ್ನೆರಡು ಗಾಳಿಯ ಪಾಲಾದರೆ ಉಳಿಯುವುದೆಷ್ಟು? ಹೀಗಾಗಿ ಸಣ್ಣ ಎಂಜಿನ್ನಿನ ರೇಸ್ ಬೈಕಿಗೆ ಕವಚ ಒಡವೆಯಲ್ಲ, ಅನ್ನ. ಅದೇ ಕವಚ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮಾಡುವ ಕೆಲಸ ಒಂದೇ: ಎಂಜಿನ್ನಿನ ಬಿಸಿಯನ್ನು ಕೂಡಿಟ್ಟು ಮೊಣಕಾಲಿಗೆ ತಲುಪಿಸುವುದು.

ಶ್ರೀಪೆರುಂಬುದೂರು ರಾಮಾನುಜಾಚಾರ್ಯರು ಹುಟ್ಟಿದ ಊರು. 1991ರ ಮೇ ತಿಂಗಳಲ್ಲಿ ರಾಜೀವ್ ಗಾಂಧಿಯವರು ಹತರಾದ ಊರೂ ಹೌದು. ಹೆದ್ದಾರಿಯ ಪಕ್ಕದಲ್ಲೇ ಸ್ಮಾರಕವಿದೆ. ಅಲ್ಲಿಂದ ಚೆನ್ನೈ ದಿಕ್ಕಿಗೆ ಸ್ವಲ್ಪ ಮುಂದೆ, ಕಾರು ಕಾರ್ಖಾನೆಯ ನೆರೆಯಲ್ಲಿ ಇರುಂಗಾಟ್ಟುಕೋಟ್ಟೈ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಎಂಬ ಸಂಸ್ಥೆ ಹಿಂದೆ ಚೆನ್ನೈನ ಉತ್ತರಕ್ಕಿರುವ ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುಹಾದಿಯ ಮೇಲೆ ರೇಸು ನಡೆಸುತ್ತಿತ್ತು. ಆಮೇಲೆ ಇಲ್ಲಿ ಸ್ವಂತ ಜಾಗ ಕೊಂಡು ಟ್ರ್ಯಾಕ್ ಕಟ್ಟಿತು. 1990ರಲ್ಲಿ ತೆರೆದ ಈ ಟ್ರ್ಯಾಕಿಗೆ ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದು ಹೆಸರು. ಒಂದು ಸುತ್ತಿಗೆ 3.7 ಕಿಲೋಮೀಟರ್, ಅದರಲ್ಲಿ ಹನ್ನೆರಡು ತಿರುವು. ಬೆಂಗಳೂರಿನ ಹುಡುಗರಿಗೆ ಟ್ರ್ಯಾಕ್ ಬೇಕೆಂದರೆ ಇಲ್ಲಿಗೆ ಬರಬಹುದು, ಇಲ್ಲವೇ ಕೊಯಮತ್ತೂರಿಗೆ ಹೋಗಬಹುದು.

ಹೊರಗಿನಿಂದ ನೋಡಿದರೆ ಅದೊಂದು ಸಾಧಾರಣ ಜಾಗ. ಒಣ ಬಯಲು, ಬಿಸಿಲು, ಸುಡುವ ಮೆಟ್ಟಿಲುಗಳ ಮೇಲೆ ಕುಳಿತ ಜನ. ಡಾಂಬರು ಮಾತ್ರ ನುಣ್ಣಗೆ, ಕಪ್ಪಗೆ. ಹುಡುಗ ಮೊದಲು ಗಮನಿಸಿದ್ದು ಅಲ್ಲಿ ಇಲ್ಲದ ವಸ್ತುಗಳನ್ನು. ಎದುರಿನಿಂದ ಬರುವ ವಾಹನವಿಲ್ಲ. ದನವಿಲ್ಲ, ನಾಯಿಯಿಲ್ಲ, ಹಂಪಿಲ್ಲ, ಬಸ್ಸಿನಿಂದ ಇಳಿಯುವ ಮುದುಕಿಯಿಲ್ಲ. ರಸ್ತೆಗೆ ಅಂಟಿಕೊಂಡ ಕಲ್ಲುಕಂಬವಿಲ್ಲ. ತಿರುವಿನ ಹೊರಗೆ ಬಿದ್ದವನು ಉರುಳಿ ನಿಲ್ಲಲು ಅಗಲವಾದ ಖಾಲಿ ಜಾಗ, ಅದರಾಚೆ ಹಳೆಯ ಟೈರುಗಳ ಗೋಡೆ. ತಿರುವಿನ ಬಳಿ ಬಾವುಟ ಹಿಡಿದ ಮಾರ್ಷಲ್‌ಗಳು: ಹಳದಿ ತೋರಿಸಿದರೆ ಮುಂದೆ ಅಪಾಯ, ಕೆಂಪು ತೋರಿಸಿದರೆ ರೇಸು ನಿಂತಿತು. ಆಂಬುಲೆನ್ಸು ಎಂಜಿನ್ ತಯಾರಾಗಿಟ್ಟುಕೊಂಡು ಕಾಯುತ್ತಿತ್ತು. ಬೈಕುಗಳಿಗೂ ಹೆಡ್‌ಲೈಟಿಲ್ಲ, ಕನ್ನಡಿಯಿಲ್ಲ, ಹಾರ್ನಿಲ್ಲ, ಸ್ಟ್ಯಾಂಡಿಲ್ಲ. ರಸ್ತೆಯಲ್ಲಿ ಬೇಕಾದದ್ದನ್ನೆಲ್ಲ ಕಳಚಿದ ಮೇಲೆ ಆ ಯಂತ್ರ ತನ್ನ ಊರಿಗೆ ಬಂದಂತಿತ್ತು.

ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಹೊಸಬರಿಗೆಂದೇ 165 ಸಿಸಿವರೆಗಿನ ವಿಭಾಗವಿದೆ. ಅಂಗಡಿಯಲ್ಲಿ ಹೊಸಬರ ಬೈಕು ಎಂದು ಮಾರುವುದು ಇಲ್ಲಿಯೂ ಹೊಸಬರ ಬೈಕೇ. ಕೆಂಪು ದೀಪ ಆರಿದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತೆ ಸದ್ದು. ನೇರ ದಾರಿಯಲ್ಲಿ ಸವಾರರು ಗದ್ದವನ್ನು ಟ್ಯಾಂಕಿಗೆ ಒತ್ತಿ ಗಾಜಿನ ಹಿಂದೆ ಅಡಗಿಕೊಂಡರು. ಹಿಂದಿನವನು ಮುಂದಿನವನ ಬೆನ್ನಿಗೆ ಅಂಟಿಕೊಂಡು ಬಂದ. ಮುಂದಿನ ಬೈಕು ಸೀಳಿದ ಗಾಳಿಯ ನೆರಳಿನಲ್ಲಿ ತಡೆ ಕಡಿಮೆ, ಹೀಗಾಗಿ ಅಷ್ಟೇ ಎಂಜಿನ್ನಿಗೆ ಸ್ವಲ್ಪ ಹೆಚ್ಚು ವೇಗ. ನೇರದಾರಿ ಮುಗಿಯುವ ಹೊತ್ತಿಗೆ ಪಕ್ಕಕ್ಕೆ ಸರಿದು ಮುಂದೆ ಹೋದ. ತಿರುವಿನ ಬಾಯಲ್ಲಿ ಎಲ್ಲರೂ ಒಮ್ಮೆಲೇ ತಲೆಯೆತ್ತಿ ಬ್ರೇಕು ಹಿಡಿದರು, ಮಂಡಿ ಹೊರಚಾಚಿ ವಾಲಿದರು. ಮಂಡಿಗೆ ಕಟ್ಟಿದ ಪ್ಲಾಸ್ಟಿಕ್ ಬಿಲ್ಲೆ ನೆಲಕ್ಕೆ ಉಜ್ಜಿತು.

ಆ ಕುಳಿತುಕೊಳ್ಳುವ ಭಂಗಿಯ ಅರ್ಥ ಆಗ ತಿಳಿಯಿತು. ಕೆಳಗಿನ ಹಿಡಿ ಮೈಯನ್ನು ಗಾಳಿಯಿಂದ ತಗ್ಗಿಸಲು. ಹಿಂದೆ ಸರಿದ ಕಾಲುಕಡ್ಡಿ ವಾಲುವಾಗ ನೆಲಕ್ಕೆ ತಗಲದಿರಲು. ವೇಗ ಹೆಚ್ಚಿದಾಗ ಎದೆಗೆ ಒತ್ತುವ ಗಾಳಿ ಮೈಭಾರವನ್ನು ಸ್ವಲ್ಪ ಹೊರುತ್ತದೆ, ಮಣಿಕಟ್ಟು ಹಗುರಾಗುತ್ತದೆ. ಊರಿನಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುವವನಿಗೆ ಆ ಗಾಳಿಯ ಸಹಾಯ ಎಲ್ಲಿಂದ ಬರಬೇಕು? ಭಾರವೆಲ್ಲ ಮಣಿಕಟ್ಟಿಗೆ, ನೋವೆಲ್ಲ ಸೊಂಟಕ್ಕೆ. ಸಂಜೆ ಕಾಲೇಜಿನಿಂದ ಬಂದ ಮಗ ಬೆನ್ನು ಹಿಡಿದುಕೊಂಡು ಮಲಗಿದರೆ ಅದು ಓದಿನ ಭಾರವೆಂದು ತಾಯಂದಿರು ತಪ್ಪು ತಿಳಿಯಬೇಕಿಲ್ಲ.

ಮೂರನೆಯ ಸುತ್ತಿನಲ್ಲಿ ಒಬ್ಬ ಬಿದ್ದ. ಬೈಕು ಒಂದು ದಿಕ್ಕಿಗೆ, ಅವನು ಇನ್ನೊಂದು ದಿಕ್ಕಿಗೆ ಜಾರಿ, ಖಾಲಿ ಜಾಗದಲ್ಲಿ ಎರಡು ಮೂರು ಸಲ ಉರುಳಿದ. ಹಳದಿ ಬಾವುಟ ಏರಿತು. ಮಾರ್ಷಲ್‌ಗಳು ತಲುಪುವ ಮೊದಲೇ ಅವನು ಎದ್ದು ನಿಂತು ಬೈಕಿನ ಕಡೆ ಕುಂಟುತ್ತ ನಡೆದ. ಜನ ಚಪ್ಪಾಳೆ ತಟ್ಟಿದರು. ತಂದೆ ತಟ್ಟಲಿಲ್ಲ.

“ಇದೇ ಜಾಗದಲ್ಲಲ್ವ ಆ ಮಗು ಹೋಗಿದ್ದು?” ಎಂದು ಅವರು ಭಾವಮೈದನನ್ನು ಕೇಳಿದರು. ಪತ್ರಿಕೆಯಲ್ಲಿ ಓದಿದ್ದು ಅವರಿಗೆ ನೆನಪಿತ್ತು. 2023ರ ಆಗಸ್ಟ್ 5ರಂದು ಈ ಟ್ರ್ಯಾಕಿನಲ್ಲೇ, ಹೊಸಬರ ರೇಸಿನಲ್ಲೇ, ಬೆಂಗಳೂರಿನ ಹದಿಮೂರು ವರ್ಷದ ಬಾಲಕ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಆ ವಾರಾಂತ್ಯದ ಉಳಿದ ರೇಸುಗಳನ್ನೆಲ್ಲ ರದ್ದು ಮಾಡಲಾಯಿತು. ಅದೇ ವರ್ಷದ ಜನವರಿಯಲ್ಲಿ 59 ವರ್ಷದ ಅನುಭವಿ ಕಾರು ಸವಾರರೊಬ್ಬರೂ ಇಲ್ಲಿಯೇ ಅಪಘಾತದಲ್ಲಿ ಮಡಿದಿದ್ದರು. ಹೆಲ್ಮೆಟ್ಟು, ಚರ್ಮದ ಉಡುಪು, ಆಂಬುಲೆನ್ಸು ಎಲ್ಲವೂ ಇದ್ದ ಜಾಗದಲ್ಲಿ ನಡೆದ ಸಾವುಗಳು ಇವು. ಟ್ರ್ಯಾಕ್ ಎಂದರೆ ಅಪಾಯವೇ ಇಲ್ಲದ ಆಟದ ಬಯಲೆಂದು ಯಾರೂ ಮಕ್ಕಳಿಗೆ ಹೇಳಬಾರದು. ಹದಿಮೂರರ ವಯಸ್ಸಿನವರನ್ನು ಅಲ್ಲಿಗೆ ಕಳಿಸಬೇಕೇ ಎಂಬ ಪ್ರಶ್ನೆ ಆಗ ಎದ್ದಿತು, ಏಳಬೇಕಾದದ್ದೇ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು ಭಾವ. ಇಲ್ಲೇ,” ಎಂದರು.

ರಸ್ತೆಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರದವರು. ಅವರಿಗೆ ಯಾರೂ ಹಳದಿ ಬಾವುಟ ತೋರಿಸಿರಲಿಲ್ಲ. ಇನ್ನು ಹದಿನೆಂಟು ತುಂಬದ ಮಕ್ಕಳ ಕೈಗೆ ಬೈಕು ಕೊಡುವ ಪೋಷಕರು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ತಪ್ಪು ಮಾಡಿದ್ದು ಮಗುವಾದರೂ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ; ವಾಹನದ ನೋಂದಣಿ ಒಂದು ವರ್ಷ ರದ್ದು; ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದರೆ ಬೈಕು ಎಂದು ಮಾತು ಕೊಡುವವರಿಗೆ ಇದು ಗೊತ್ತಿರುವುದಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಬೈಕುಗಳನ್ನು ಸಿದ್ಧಮಾಡುವ ಶೆಡ್ಡುಗಳ ಕಡೆ ಮೂವರೂ ನಡೆದರು. ಅಲ್ಲಿ ಬಿದ್ದಿದ್ದ ಹುಡುಗನೇ ಒಡೆದ ಫೇರಿಂಗಿಗೆ ಟೇಪು ಸುತ್ತುತ್ತಿದ್ದ. ಬೈಕಿನ ಮುಂದಿನ ಭಾಗಕ್ಕೆಲ್ಲ ಹಳೆಯ ಗೀರುಗಳು. ಶೋರೂಮಿನ ಹೊಳಪು ಎಲ್ಲಿಯೂ ಇಲ್ಲ. ಟೈರಿನ ಅಂಚನ್ನು ಬೆರಳಿನಿಂದ ತೋರಿಸಿ ಅವನು ವಿವರಿಸಿದ: ಇಡೀ ದಿನ ತಿರುವು ಅಭ್ಯಾಸ ಮಾಡುವುದು, ಒಂದು ತಿರುವನ್ನೇ ನೂರು ಸಲ. ಹಿಂದಿನ ದಿನ ಮರಳಿದ್ದರೆ ಗುಡಿಸುತ್ತಾರೆ. ಅಮೆರಿಕದ ಕೀತ್ ಕೋಡ್ 1980ರಲ್ಲಿ ಆರಂಭಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್‌ನವರೂ ಈ ಟ್ರ್ಯಾಕಿಗೆ ಬಂದು ಪಾಠ ಹೇಳಿದ್ದಾರೆ. ಅಲ್ಲಿ ಕಲಿಸುವುದು ವೇಗವನ್ನಲ್ಲ, ಎಲ್ಲಿ ನೋಡಬೇಕು, ಆಕ್ಸಿಲರೇಟರ್ ಯಾವಾಗ ತಿರುಗಿಸಬೇಕು, ಬೈಕನ್ನು ಹೇಗೆ ವಾಲಿಸಬೇಕು ಎಂಬುದನ್ನು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದದ್ದು ನಂದಿಯ ಗೇಟಿನಲ್ಲಿ ಎಂಜಿನ್ ಗುರುಗುಟ್ಟಿಸಿ ಅಲ್ಲ.

“ಬಲಕ್ಕೆ ತಿರುಗಬೇಕಾದ್ರೆ ಯಾವ ಹಿಡೀನ ತಳ್ಳಬೇಕು?” ಎಂದು ಆ ಹುಡುಗ ಕೇಳಿದ.

ಶಿಡ್ಲಘಟ್ಟದ ಹುಡುಗ ತಡವರಿಸಿ, “ಎಡಗಡೇದು?” ಎಂದ.

“ಬಲಗಡೇದೇ ಮುಂದಕ್ಕೆ ತಳ್ಳಬೇಕು. ಬೈಕು ಬಲಕ್ಕೆ ವಾಲುತ್ತೆ, ಆಮೇಲೆ ಬಲಕ್ಕೆ ತಿರುಗುತ್ತೆ. ಸೈಕಲ್‌ನಲ್ಲಿ ನೋಡು, ಗೊತ್ತಾಗುತ್ತೆ.”

ಓಡುತ್ತಿರುವ ದ್ವಿಚಕ್ರ ವಾಹನದ ಈ ವಿಚಿತ್ರವನ್ನು ಯಾವ ವಿದ್ಯಾರ್ಥಿಯಾದರೂ ಖಾಲಿ ಮೈದಾನದಲ್ಲಿ ಸೈಕಲ್ ಮೇಲೆ ಪರೀಕ್ಷಿಸಬಹುದು. ಹಿಡಿಯನ್ನು ಬಿಗಿಯಾಗಿ ಹಿಡಿಯದೆ, ಬಲಗೈ ಅಂಗೈಯಿಂದ ಬಲ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಮುಂದಿನ ಚಕ್ರ ಒಂದು ಎಳೆ ಎಡಕ್ಕೆ ಹೊರಳುತ್ತದೆ, ಮೈ ಬಲಕ್ಕೆ ವಾಲುತ್ತದೆ, ಸೈಕಲ್ಲು ಬಲಕ್ಕೇ ಹೊರಟುಬಿಡುತ್ತದೆ. ಬಾಲ್ಯದಿಂದಲೂ ದೇಹಕ್ಕೆ ಗೊತ್ತಿರುವ ಇದು ತಲೆಗೆ ಗೊತ್ತಿರುವುದಿಲ್ಲ. ಹೆದರಿದಾಗ ತಲೆ ಕೈಯನ್ನು ಉಲ್ಟಾ ಎಳೆಯುತ್ತದೆ, ಬೈಕು ತಿರುವು ಬಿಟ್ಟು ನೇರ ಹೋಗುತ್ತದೆ.

“ರಸ್ತೆ ಮೇಲೆ ಯಾವ ಬೈಕ್ ಓಡಿಸ್ತೀಯಪ್ಪಾ?” ಎಂದು ತಂದೆ ಆ ರೇಸಿನ ಹುಡುಗನನ್ನು ಕೇಳಿದರು.

ಅವನು ನಕ್ಕ. “ನಮ್ಮಪ್ಪನ ಸ್ಕೂಟರ್ ಸಾರ್. ಇದನ್ನ ಟೆಂಪೋದಲ್ಲಿ ಹಾಕ್ಕೊಂಡು ಬರ್ತೀನಿ.”

ಹಿಂತಿರುಗುವಾಗ ಕತ್ತಲಾಗಿತ್ತು. ವೆಲ್ಲೂರಿನಾಚೆ ಕಾರು ನಿಲ್ಲಿಸಿ ಕಾಫಿ ಕುಡಿದರು. ಹುಡುಗ ಬಿಲ್ಲಿನ ಹಿಂಬದಿಯಲ್ಲಿ ಪೆನ್ನಿನಿಂದ ಏನೋ ಬರೆಯುತ್ತಿದ್ದ. ತಂದೆ ಬಗ್ಗಿ ನೋಡಿದರು. ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು, ಬೂಟು, ಪಕ್ಕದಲ್ಲಿ ಒಂದೊಂದರ ಬೆಲೆ. ಕೆಳಗೆ ಗೆಳೆಯನ ಫೇರಿಂಗಿನ ಬಾಕಿ. ಬೈಕಿನ ಬೆಲೆಯನ್ನು ಅವನು ಬರೆದಿರಲಿಲ್ಲ, ಅದಕ್ಕೆಂದು ಒಂದು ಸಾಲಿನ ಜಾಗ ಬಿಟ್ಟಿದ್ದ.

ತಂದೆ ಆ ಚೀಟಿಯನ್ನು ಮಡಿಸಿ ತಮ್ಮ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಹೊಸೂರಿನಲ್ಲಿ ಮಾವನನ್ನು ಇಳಿಸುವವರೆಗೆ ಅದರ ಬಗ್ಗೆ ಮಾತಿಲ್ಲ. ದೇವನಹಳ್ಳಿ ದಾಟುವ ಹೊತ್ತಿಗೆ ನಂದಿಗೆ ಹೊರಟ ಮೊದಲ ಬೈಕುಗಳು ಅವರನ್ನು ಹಿಂದಿಕ್ಕಿಕೊಂಡು ಹೋಗತೊಡಗಿದ್ದವು. ಕೆಂಪು ದೀಪಗಳು ಕತ್ತಲಲ್ಲಿ ಸಣ್ಣದಾಗುತ್ತ ಹೋದವು.

“ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗ್ಬೇಕು,” ಎಂದರು ತಂದೆ. “ಮೊಪೆಡ್ ನೀನೇ ಓಡಿಸು. ನಾನು ಹಿಂದೆ ಕೂತ್ಕೊಂಡು ನೋಡ್ತೀನಿ.”

“ಮೊಪೆಡ್ಡಲ್ಲಿ ನೋಡೋದೇನೈತಪ್ಪಾ?”

“ಐತೆ. ಹೆಲ್ಮೆಟ್ ಎರಡು ತಗೊ.”